ಬೆಡ್‌ಶೀಟಿನ ಹಿಂದಿನ ಎರಡು ಪೆಟ್ಟಿಗೆ

ಸೋಲ್ಡರಿಂಗ್ ಕಡ್ಡಿ ಕಾಯುವಷ್ಟರಲ್ಲಿ ಫೋನಾದರೂ ನೋಡೋಣ ಎಂದು ತೆರೆದದ್ದೇ ತಪ್ಪಾಯಿತು. ಅವನು ಮಾಡಿ ಮಾರಿದ್ದ ಪೆಟ್ಟಿಗೆಯೊಂದರ ಫೋಟೊ ಭಾಮೈದನ ಬ್ಲಾಗಿನಲ್ಲಿತ್ತು. ಅವನೇ ಕೈಯಾರೆ ಉಜ್ಜಿ ಹೊಳಪು ಕೊಟ್ಟ ಮರದ ಚೌಕಟ್ಟು, ಮೇಲೆ ಸಾಲಾಗಿ ನಿಂತ, ಹಳೆಯ ರೇಡಿಯೊದಲ್ಲಿರುತ್ತಿದ್ದಂಥ ಗಾಜಿನ ವಾಲ್ವ್‌ಗಳು, ಒಳಗೆ ಕೆಂಪಗೆ ಉರಿಯುವ ತಂತಿ. ಅದರ ಕೆಳಗೊಂದು ಗ್ರಾಫು. ಗ್ರಾಫಿನ ಕೆಳಗೆ ಭಾಮೈದನ ಬರಹ: ‘ಈ ಆಂಪ್ಲಿಫೈಯರ್ ಸಂಗೀತದಲ್ಲಿ ಇಲ್ಲದ್ದನ್ನು ತಾನೇ ಸೇರಿಸುತ್ತದೆ. ಇಷ್ಟೊಂದು ಸೇರಿಸುವ ಯಂತ್ರ ನನ್ನ ಮೇಜಿನ ಮೇಲೆ ಹಿಂದೆ ಬಂದಿರಲಿಲ್ಲ. ಕೊಳ್ಳಿ ಎಂದು ಹೇಳಲಾರೆ.’ ಇದನ್ನು ಮಾಡಿದವರು ನನ್ನ ಭಾವ ಎಂದು ಎಲ್ಲೂ ಬರೆದಿರಲಿಲ್ಲ. ಅದು ಇನ್ನೂ ಉರಿಸಿತು. ಬರೆದಿದ್ದರೆ ಹೊಟ್ಟೆಕಿಚ್ಚು ಅಂತಲಾದರೂ ಅನ್ನಬಹುದಿತ್ತು. ಸಂಬಂಧವನ್ನು ಪಕ್ಕಕ್ಕಿಟ್ಟು ನ್ಯಾಯ ಹೇಳುವ ದೊಡ್ಡ ಮನುಷ್ಯನ ಹಾಗೆ ಬರೆದಿದ್ದಾನೆ, ಬಡ್ಡೀಮಗ. ಕೆಳಗೆ ಓದಿದವರ ಹಲ್ಲುಕಿಸಿತ ಬೇರೆ. ಚಳಿಗಾಲಕ್ಕೆ ಕೋಣೆ ಬೆಚ್ಚಗಿಡಲು ಪರವಾಗಿಲ್ಲ ಎಂದು ಒಬ್ಬ. ಮೇಲೆ ಹಾಲು ಕಾಯಿಸಬಹುದೇ ಎಂದು ಇನ್ನೊಬ್ಬ. ಇವರು ಯಾರು, ಒಂದು ದಿನವಾದರೂ ಅದರ ಮುಂದೆ ಕೂತು ಹಾಡು ಕೇಳಿದ್ದಾರಾ? ಓದುತ್ತಾ ಓದುತ್ತಾ ಕಡ್ಡಿ ಮೇಜಿನ ಹಲಗೆಗೆ ತಗುಲಿ ಹೊಗೆ ಎದ್ದದ್ದು ಅವನ ಗಮನಕ್ಕೇ ಬರಲಿಲ್ಲ.

“ಏನೋ ಸುಟ್ಟ ವಾಸನೆ ಬರ್ತಿದೆಯಲ್ರೀ,” ಎಂದು ಹೆಂಡತಿ ಒಳಗಿನಿಂದ ಬಂದಳು. ಅವನು ಫೋನನ್ನು ಅವಳ ಮುಖಕ್ಕೆ ಹಿಡಿದ. “ನೋಡು, ನಿನ್ನ ತಮ್ಮನ ಘನಕಾರ್ಯ.” ಅವಳು ಕನ್ನಡಕ ಹುಡುಕಿಕೊಂಡು ಬಂದು, ನಿಂತುಕೊಂಡೇ ಓದಿ, “ಅವನು ಯಾರ್ದು ಬಂದ್ರೂ ಹೀಗೇ ಬರೀತಾನಲ್ಲ,” ಅಂದಳು. ಯಾರದು ಬಂದರೂ! ಈ ಮನೆಯ ಅನ್ನ ತಿಂದವನು. ಮದುವೆಯಾದ ಹೊಸದರಲ್ಲಿ ಭಾವ ಭಾವ ಎಂದು ಹಿಂದೆ ಬಿದ್ದು, ರಜೆಯಿಡೀ ಇದೇ ಮೇಜಿನ ಕೆಳಗೆ ಕಾಲು ಚಾಚಿಕೊಂಡು ಕೂತಿರುತ್ತಿದ್ದವನು. ಕಡ್ಡಿ ಹಿಡಿಯುವುದನ್ನು ಕಲಿಸಿದ್ದು ಯಾರು? ತವರ ಎಲ್ಲಿ ಹೊಳೆಯಬೇಕು, ಎಲ್ಲಿ ಮಂಕಾದರೆ ಬೆಸುಗೆ ಕೆಟ್ಟಿದೆ ಎಂದು ತೋರಿಸಿದ್ದು ಯಾರು? ಮೊದಲ ಪೆಟ್ಟಿಗೆ ಹಾಡಿದ ದಿನ ಆ ಹುಡುಗ ಗೋಡೆಗೆ ಒರಗಿ, ಭಾವ, ಅವರು ಇಲ್ಲೇ ಕೂತು ಹಾಡ್ತಿದಾರೆ ಅನ್ನಿಸ್ತಿದೆ, ಅಂದಿದ್ದ. ಆವತ್ತು ಅವನ ಕಿವಿಗೆ ಅಳತೆ ಬೇಕಾಗಿರಲಿಲ್ಲ. ಈಗ ಮೂರನೇ ಮಹಡಿಯಲ್ಲಿ ಮನೆ, ಒಂದು ಕೋಣೆ ತುಂಬ ಮೀಟರು, ಜಗತ್ತಿನ ಮೂಲೆಮೂಲೆಯಿಂದ ಜನ ತಮ್ಮ ಯಂತ್ರಗಳನ್ನು ಇವನಿಗೆ ಕಳಿಸಿ ತಪ್ಪು ಹುಡುಕಿಸಿಕೊಳ್ಳುತ್ತಾರೆ. ಏನು ಜನವೋ, ಏನು ಕರ್ಮವೋ.

ಆ ಪೆಟ್ಟಿಗೆ ಕೊಂಡಿದ್ದ ಹಲ್ಲಿನ ಡಾಕ್ಟರ ಫೋನು ಬಂದದ್ದು ಆಗಲೇ. ಪೆಟ್ಟಿಗೆಯನ್ನು ಅಳೆಯಲು ಕೊಟ್ಟವರು ಅವರೇ ಎಂದು ಅವರ ಗಂಟಲು ಸರಿಮಾಡಿಕೊಳ್ಳುವ ರೀತಿಯಲ್ಲೇ ಗೊತ್ತಾಯಿತು. “ಸುಮ್ನೆ ಕುತೂಹಲಕ್ಕೆ ಕೊಟ್ಟೆ ಸಾರ್. ನಿಮ್ಮ ಸಂಬಂಧಿಕರು ಅಂತ ನಂಗೆ ಗೊತ್ತಿರ್ಲಿಲ್ಲ.” ಇರಲಿ ಬಿಡಿ, ಅಂದ ಅವನು, ಹಲ್ಲು ಕಡಿದುಕೊಂಡು. “ಇಷ್ಟ ಇಲ್ಲ ಅಂತಲ್ಲ. ನಿನ್ನೆವರೆಗೂ ಪ್ರತಿ ಸಂಜೆ ಕೇಳ್ತಿದ್ದೆ, ಎಷ್ಟು ಹಿತವಾಗಿರೋದು. ಈಗ ಹಾಡು ಹಾಕಿದ್ರೆ ಸಾಕು, ಆ ಗ್ರಾಫೇ ಕಣ್ಮುಂದೆ ಬಂದು ನಿಲ್ಲುತ್ತೆ. ವಾಪಸ್ ತಗೊಳ್ಳೋಕಾಗುತ್ತಾ?” ತಗೊಳ್ತೀನಿ ಬಿಡಿ ಎಂದು ಫೋನು ಇಟ್ಟ. ನಿನ್ನೆಯವರೆಗೂ ಹಿತವಾಗಿದ್ದದ್ದು ಇವತ್ತು ಎಲ್ಲಿಗೆ ಹೋಯಿತು? ಹುಣಸೇಹುಳಿ ಕಂಡ ಹಾಗೆ ಮುಖ ಕಿವುಚಿಕೊಂಡು, ಇಲ್ಲದ ತಪ್ಪನ್ನು ಈಗ ಹಾಡಿನೊಳಗೆ ಹುಡುಕುತ್ತಾ ಕೂತಿರುತ್ತಾನೆ ಮನುಷ್ಯ. ಆದರೆ ಡಾಕ್ಟರ ಮೇಲಿನ ಕೋಪ ಮೇಲುಮೇಲಿನದು. ಒಳಗೆ, ಅವನಿಗೇ ಕೇಳಿಸದಷ್ಟು ಒಳಗೆ, ಒಂದು ಪ್ರಶ್ನೆ ಆಗಲೇ ಕೊರೆಯಲು ಶುರುಮಾಡಿತ್ತು. ಗ್ರಾಫಿಗೆ ಅವನ ಬಳಿ ಇದ್ದ ಉತ್ತರ ಒಂದೇ, ಹೆಂಡತಿಯ ಮುಖ. ಇಷ್ಟು ವರ್ಷ ಅವನು ಪೆಟ್ಟಿಗೆ ಕಟ್ಟಿದ್ದು ಆ ಮುಖ ನೋಡಿಕೊಂಡು. ಒಂದು ಬಿಡಿಭಾಗ ಬದಲಾಯಿಸಿದರೆ ಅವಳನ್ನು ಕರೆಯುತ್ತಿದ್ದ, ಬೆತ್ತದ ಕುರ್ಚಿಯಲ್ಲಿ ಕೂರಿಸುತ್ತಿದ್ದ, ಹಾಡು ಹಾಕುತ್ತಿದ್ದ. ಅವಳ ರೆಪ್ಪೆ ತಾನಾಗಿ ಮುಚ್ಚಿಕೊಂಡಿತೋ, ಸರಿ, ಕೂತಿತು. ಮುಚ್ಚಲಿಲ್ಲವೋ, ಮತ್ತೆ ಬಿಚ್ಚು. ಒಂದೊಂದು ತಂತಿಯೂ ಹಾಗೆ ಆರಿಸಿದ್ದು. ಅದು ಸುಳ್ಳಾದರೆ ಅವನ ಕೈಯಲ್ಲಿ ಏನು ಉಳಿಯುತ್ತದೆ? ಮಣ್ಣಂಗಟ್ಟಿ.

“ಸೀರೆ ಉಟ್ಕೋ, ಹೊರಡೋಣ,” ಅಂದ.

“ಎಲ್ಲಿಗೆ?”

“ನಿನ್ನ ತಮ್ಮನ ಮನೆಗೆ. ಆ ಡಾಕ್ಟ್ರು ಪೆಟ್ಟಿಗೇನ ಯಾವ ಗೋಣಿಯಲ್ಲಿ ಕಟ್ಟಿ ಕಳಿಸಿದ್ರೋ, ದಾರೀಲಿ ಏನು ಕೆಟ್ಟಿತ್ತೋ. ನಮ್ಮನೇದೇ ತಗೊಂಡು ಹೋಗ್ತೀನಿ. ಕೇಳಲಿ. ಅಳೆಯೋದಲ್ಲ, ಕೂತ್ಕೊಂಡು ಕೇಳಲಿ.”

ಅವಳು ಮನೆಯ ಪೆಟ್ಟಿಗೆಯ ಮುಂದೆ ಕೂತಳು. ವಾಲ್ವ್‌ಗಳನ್ನು ಒಂದೊಂದಾಗಿ ಬಿಚ್ಚಿ ಹತ್ತಿಯಲ್ಲಿ ಸುತ್ತಿ ತನ್ನ ಕೈಚೀಲದೊಳಗೆ ಇಟ್ಟುಕೊಂಡಳು. ಎಲ್ಲಿಗೆ ಪೆಟ್ಟಿಗೆ ಒಯ್ದರೂ ಅದು ಅವಳ ಕೆಲಸ. ಯಾವುದು ಯಾವ ಗುಣಿಯದೆಂದು ಅವಳಿಗೆ ಕೇಳಬೇಕಾಗಿರಲಿಲ್ಲ.

ಬಸ್ಸಿನಲ್ಲಿ ಪೆಟ್ಟಿಗೆ ಅವನ ತೊಡೆಯ ಮೇಲೆ, ಹಳೆಯ ಟವೆಲಿನಲ್ಲಿ ಸುತ್ತಿಕೊಂಡು. ಟ್ರಾನ್ಸ್‌ಫಾರ್ಮರಿನ ಭಾರಕ್ಕೆ ಕಾಲು ಜೋಮು ಹಿಡಿಯಿತು. ಕಂಡಕ್ಟರ್ ಟಿಕೆಟ್ ಹರಿಯುತ್ತಾ, “ಏನ್ ಸಾರ್ ಅದು, ಗ್ರೈಂಡರಾ?” ಅಂದ. ಹಿಂದಿನ ಸೀಟಿನಲ್ಲಿ ಯಾರೋ ನಕ್ಕರು.  ಕಿಟಕಿಯ ಆಚೆ ಅಂಗಡಿಗಳು, ಅಂಗಡಿಗಳ ಮುಂದೆ ಕಪ್ಪು ಪ್ಲಾಸ್ಟಿಕ್ಕಿನ ಸ್ಪೀಕರುಗಳು ಅರಚುತ್ತಿದ್ದವು. ಯಾರಿಗೂ ಏನೂ ತೊಂದರೆ ಇದ್ದಂತಿರಲಿಲ್ಲ. ತಾನು ಯಾವಾಗಲಾದರೂ ಗಿರಾಕಿಗಳಿಗೆ ಮೋಸ ಮಾಡಿದ್ದೆನೇ ಎಂದು ತನ್ನನ್ನೇ ಕೇಳಿಕೊಂಡ. ಕೇಳಿಕೊಂಡ ಕೂಡಲೇ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ನೆನಪಾದವು. ಬಂದವರಿಗೆ ಮೊದಲು ಅಂಗಡಿಯ ಯಾವುದೋ ಆಂಪ್ಲಿಫೈಯರ್ ಕೇಳಿಸಿ, ಆಮೇಲೆ ತನ್ನದಕ್ಕೆ ಬದಲಾಯಿಸುವಾಗ ವಾಲ್ಯೂಮಿನ ತಿರುಗುಣಿಯನ್ನು ಆ ಎರಡು ಬೆರಳು ಒಂದು ಎಳೆ ಮುಂದಕ್ಕೆ ಒಯ್ದು ನಿಲ್ಲಿಸುತ್ತಿದ್ದವು. ಅವನು ಒಯ್ಯುತ್ತಿರಲಿಲ್ಲ, ಬೆರಳೇ ಒಯ್ಯುತ್ತಿದ್ದವು. ಅದಕ್ಕೇನು ಈಗ? ಬಡಿಸುವಾಗ ತನ್ನ ಮಗನ ತಟ್ಟೆಗೆ ತುಸು ಹೆಚ್ಚು ಬೀಳುವುದಿಲ್ಲವೇ. ಆದರೂ ಬೆರಳುಗಳನ್ನು ಟವೆಲಿನ ಒಳಗೆ ಸರಿಸಿಕೊಂಡ. ಪಕ್ಕದಲ್ಲಿ ಹೆಂಡತಿ ಕೈಚೀಲವನ್ನು ಎದೆಗೆ ಒತ್ತಿಕೊಂಡು ಅವನ ಮುಖವನ್ನೇ ನೋಡುತ್ತಿದ್ದವಳು, ಅವನು ತಿರುಗಿದಾಗ ಕಿಟಕಿಯ ಕಡೆ ನೋಡಿದಳು.

ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ನಿಂತಾಗ ಬಾಗಿಲು ತೆರೆದ ಭಾಮೈದನ ಮುಖದಲ್ಲಿ ಅಂಜಿಕೆಯಾಗಲಿ ನಾಚಿಕೆಯಾಗಲಿ ಇರಲಿಲ್ಲ. “ಬನ್ನಿ ಭಾವ, ಕೊಡಿ ನಾನು ಹಿಡ್ಕೋತೀನಿ. ಅಕ್ಕ, ಈ ಬಿಸ್ಲಲ್ಲಿ ಯಾಕೆ ಬಂದೆ, ಒಂದು ಫೋನ್ ಮಾಡಬಾರ್ದಾ.” ಈ ಮರ್ಯಾದೆಯೇ ಬೇಡವಾಗಿತ್ತು ಅವನಿಗೆ. ಎರಡು ಮಾತು ಒರಟಾಗಿ ಆಡಿದ್ದರೆ ಪೆಟ್ಟಿಗೆಯನ್ನು ಅಲ್ಲೇ ಕುಕ್ಕಿ ಬಾಯಿಗೆ ಬಂದದ್ದು ಬೈದು ಹೊರಟುಹೋಗಬಹುದಿತ್ತು. ಭಾಮೈದ ನೀರು ತಂದುಕೊಟ್ಟ, ಫ್ಯಾನು ಹಾಕಿದ, ನನ್ನವಳು ಆಫೀಸಿಗೆ ಹೋಗಿದ್ದಾಳೆ, ಇದ್ದಿದ್ದರೆ ಊಟ ಮಾಡದೆ ಏಳಗೊಡುತ್ತಲೇ ಇರಲಿಲ್ಲ, ಅಂದ. ನೀರಿನ ಲೋಟ ಕೆಳಗಿಟ್ಟು ಅವನು ಶುರುಮಾಡಿದ.

“ಹಾಡು ಕೇಳುತ್ತೇನೋ ನಿನ್ನ ಗ್ರಾಫು?”

“ಇಲ್ಲ ಭಾವ.”

“ಮತ್ತೆ? ಕಿವಿ ಇಲ್ವಾ ನಿನಗೆ? ಮೇಜಿನ ಮೇಲಿಟ್ಟು ಅಳೆದೆಯಲ್ಲ, ಒಂದು ಹಾಡು ಹಾಕಿ ಕೇಳಿದ್ಯಾ?”

“ಕೇಳಿದೆ.”

“ಹೇಗಿತ್ತು?”

ಭಾಮೈದ ಅಕ್ಕನ ಕಡೆ ನೋಡಿದ. “ಹಿತವಾಗಿತ್ತು. ಆದ್ರೆ ಎಲ್ಲ ಹಾಡೂ ಒಂದೇ ಥರ ಹಿತವಾಗಿತ್ತು ಭಾವ. ಎಲ್ಲಾದಕ್ಕೂ ಒಂದೇ ಒಗ್ಗರಣೆ ಹಾಕಿದ ಹಾಗೆ. ನಾನು ಒಂದೇ ಒಂದು ಸ್ವರ ಒಳಗೆ ಕಳಿಸ್ದೆ. ಹೊರಗೆ ಬಂದಿದ್ದು ಒಂದಲ್ಲ, ಅದರ ಹಿಂದೆ ಒಂದು ದಿಬ್ಬಣ.”

“ಆ ದಿಬ್ಬಣನೇ ಕಣೋ ಜನಕ್ಕೆ ಬೇಕಾಗಿರೋದು!”

“ಇರಬಹುದು. ಬೇಕಾದೋರು ತಗೊಳ್ಳಲಿ. ಅದು ಹಾಡಿದವರದಲ್ಲ, ನಿಮ್ಮದು ಅಂತ ಹೇಳಿದೆ ಅಷ್ಟೆ.”

ಎಷ್ಟು ಸಲೀಸಾಗಿ ಹೇಳಿದ! ಅವನಿಗೆ ಪಿತ್ತ ನೆತ್ತಿಗೇರಿತು. ಹಾಡಿದವರದಲ್ಲ, ನಿಮ್ಮದು. ಅಂದರೆ ಇಷ್ಟು ವರ್ಷ ಅವನು ಪರರ ಹಾಡಿನೊಳಗೆ ಕೈಹಾಕಿ ಕಲಸಿದ್ದನೆಂದೇ? ಕೆನ್ನೆಗೆ ಹೊಡೆದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. “ಬಾಯಲ್ಲಿ ಹೇಳೋದೇನು, ಈಗಲೇ ನೋಡೋಣ,” ಎಂದು ಎದ್ದುನಿಂತ. “ನಿನಗೆ ಯಾವುದು ಶುದ್ಧವಾಗಿದೆ ಅಂತ ಅನ್ನಿಸುತ್ತೋ ಅದನ್ನ ಪಕ್ಕದಲ್ಲಿಡು. ಎರಡೂ ಕೇಳೋಣ.”

ಭಾಮೈದನ ಕೋಣೆಯ ಬಾಗಿಲು ಬ್ಯಾಂಕಿನ ತಿಜೋರಿಯ ಹಾಗೆ ದಪ್ಪ. ಅಂಚಿಗೆಲ್ಲ ರಬ್ಬರು ಅಂಟಿಸಿದ್ದ. ಕೆಳಗಿನ ಮನೆಯವರು ಗಲಾಟೆ ಎಂದು ದಿನಾ ಜಗಳಕ್ಕೆ ಬಂದು ಬಂದು, ಕೊನೆಗೆ ಮಾಡಿಸಿದ್ದಂತೆ. ಒಳಗೆ ಗೋಡೆಗೆಲ್ಲ ಬೂದು ಬಣ್ಣದ ಸ್ಪಂಜು, ಮಧ್ಯೆ ಒಂದು ಕುರ್ಚಿ, ಎದುರು ಎರಡು ಎತ್ತರದ ಸ್ಪೀಕರು. ಅಲ್ಲಿ ಮಾತಾಡಿದರೆ ಮಾತು ಬಾಯಿಯಿಂದ ಹೊರಬಂದ ಕೂಡಲೇ ಸತ್ತುಹೋಗುತ್ತಿತ್ತು. ಭಾಮೈದ ಹಗ್ಗ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿ, ಹೂವಿನ ಚಿತ್ರದ ಒಂದು ಬೆಡ್‌ಶೀಟು ಇಳಿಬಿಟ್ಟ. ಅದರ ಹಿಂದೆ ಮೇಜಿನ ಮೇಲೆ ಒಂದು ಕಡೆ ವಾಲ್ವಿನ ಪೆಟ್ಟಿಗೆ, ಇನ್ನೊಂದು ಕಡೆ ಚಪ್ಪಟೆಯಾದ ಕಪ್ಪು ಪೆಟ್ಟಿಗೆ, ನಡುವೆ ಒಂದು ಸ್ವಿಚ್ಚು. ಹೆಂಡತಿ ಹತ್ತಿ ಬಿಡಿಸಿ ವಾಲ್ವ್‌ಗಳನ್ನು ಕೂರಿಸಿದಳು. ಅವು ಬಿಸಿಯಾಗುವವರೆಗೆ ಭಾಮೈದ ವೋಲ್ಟ್‌ಮೀಟರು ಹಿಡಿದು ಎರಡೂ ಪೆಟ್ಟಿಗೆಯ ವಾಲ್ಯೂಮನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಸರಿಮಾಡಿದ. “ತುಸು ಜೋರಾಗಿರೋದೇ ಎಲ್ಲರಿಗೂ ಚೆನ್ನಾಗಿ ಕೇಳ್ಸೋದು ಭಾವ. ತಮಗೇ ಗೊತ್ತಾಗದ ಹಾಗೆ ಮೋಸ ಹೋಗ್ತಾರೆ,” ಅಂದ ಬಗ್ಗಿಕೊಂಡೇ. ಬೇಕೆಂದೇ ಅಂದನೋ, ಸುಮ್ಮನೆ ಅಂದನೋ? ಅವನ ಕಿವಿ ಬಿಸಿಯಾಯಿತು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

“ಕೂತ್ಕೊಳ್ಳಿ ಭಾವ. ನಾನು ಒಂದು ಅಂತೀನಿ, ಎರಡು ಅಂತೀನಿ. ನಿಮ್ಮದು ಯಾವುದು ಹೇಳಿ.”

ಕುರ್ಚಿಯ ಹತ್ತಿರ ಹೋದವನು ನಿಂತ. ಈಗಷ್ಟೇ ಹೊಳೆಯಿತು, ಇದೆಂಥ ಬೋನು ಎಂದು. ತನ್ನದನ್ನು ಗುರುತಿಸಿದರೆ, ನೋಡಿದ್ರಾ ಭಾವ, ಆ ದಿಬ್ಬಣ ನಿಮ್ಮ ಕಿವಿಗೂ ಕೇಳ್ತು, ಗ್ರಾಫ್ ಸುಳ್ಳಲ್ಲ, ಅನ್ನುತ್ತಾನೆ. ಗುರುತಿಸದಿದ್ದರೆ ಕಿವಿ ಕೆಟ್ಟ ಮುದುಕ ಎಂದಾಗುತ್ತದೆ. ಯಾವ ಕಡೆ ಹಾರಿದರೂ ಕಾಲು ಮುರಿಯುವುದು ಖಂಡಿತ. ಹಾಗೆ ಹೊಳೆದ ಮರುಗಳಿಗೆಯೇ ಅವನು ಮಾಡಿದ್ದು ಗಂಡಸು ಮಾಡುವ ಕೆಲಸವಾಗಿರಲಿಲ್ಲ. “ನಾನ್ಯಾಕೆ? ನಾನು ಮಾಡಿದೋನು. ನಾನು ಏನು ಹೇಳಿದ್ರೂ ನೀನು ಒಪ್ಪಲ್ಲ. ನಿಮ್ಮಕ್ಕ ಕೂರಲಿ,” ಎಂದು ಹೆಂಡತಿಯ ತೋಳು ಹಿಡಿದು ಮುಂದಕ್ಕೆ ತಂದ.

“ನಾನಾ? ನನ್ನನ್ಯಾಕ್ರೀ ಎಳೀತೀರಾ ನಿಮ್ಮಿಬ್ಬರ ಮಧ್ಯ!”

“ಕೂತ್ಕೋ. ನಿನಗೆ ಗ್ರಾಫೂ ಗೊತ್ತಿಲ್ಲ, ವಾಲ್ವೂ ಗೊತ್ತಿಲ್ಲ. ಚೆನ್ನಾಗಿರೋದು ಚೆನ್ನಾಗಿದೆ ಅಂತ ಹೇಳೋದಕ್ಕೆ ನಿನಗೇನು ಭಯ?”

ಅವಳು ಕೂತಳು, ಖಾಲಿಯಾದ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿನಲ್ಲಿ ಕೂತ ಹಾಗೆಯೇ. ಭಾಮೈದ ಬೆಡ್‌ಶೀಟಿನ ಪಕ್ಕದಿಂದ ತಲೆ ಹೊರಹಾಕಿ, “ಭಾವ, ನೀವು ಆಚೆ ಇರಿ. ಗೊತ್ತಿರೋರು ಪಕ್ಕದಲ್ಲಿದ್ರೆ ಈ ಪರೀಕ್ಷೆ ಕೆಟ್ಟುಹೋಗುತ್ತೆ,” ಅಂದ. ನನ್ನ ಹೆಂಡತಿಯ ಪಕ್ಕ ನಿಲ್ಲುವುದಕ್ಕೆ ನಿನ್ನ ಅಪ್ಪಣೆ ಬೇಕೇನೋ ಎಂದು ಅವನು ಗದರಿದ. ಗೋಡೆಯ ಸ್ಪಂಜಿಗೆ ಭುಜ ಕೊಟ್ಟು, ಅವಳ ಮುಖ ಪೂರ್ತಿ ಕಾಣುವ ಜಾಗದಲ್ಲಿ ನಿಂತುಕೊಂಡ. ಭಾಮೈದ ತಲೆಯನ್ನು ಒಳಕ್ಕೆಳೆದುಕೊಂಡ.

“ಒಂದು.”

ಹಾಡು ಶುರುವಾಗುವ ಮುಂಚೆ, ಸದ್ದೇ ಇಲ್ಲದ ಆ ಕೋಣೆಯಲ್ಲಿ, ಕೆಳಗಿನ ಬೀದಿಯಲ್ಲಿ ಲಾರಿ ಎಂಜಿನ್ ಆರಿಸದೆ ನಿಂತಂಥ ಒಂದು ಸಣ್ಣ ಗುಂಯ್ ಕೇಳಿಸಿತು. ತನ್ನ ಟ್ರಾನ್ಸ್‌ಫಾರ್ಮರು. ಮನೆಯಲ್ಲಿ ಅದು ಇದೆಯೆಂದೇ ಗೊತ್ತಾಗುತ್ತಿರಲಿಲ್ಲ. ಆಮೇಲೆ, ಅವನ ಮನೆಯಲ್ಲೂ ಹಾಕುತ್ತಿದ್ದ ಹಾಡನ್ನು ಯಾರೋ ಹೆಂಗಸು ಒಂದು ತಂತಿವಾದ್ಯದ ಜೊತೆ ಹಾಡತೊಡಗಿದಳು. ಹೌದು, ಇದು ತನ್ನದೇ. ದುಂಡಗೆ, ಬೆಚ್ಚಗೆ, ಅಂಚುಗಳೆಲ್ಲ ನೀವಿದ ಹಾಗೆ. ಹೆಂಡತಿ ಕೈಚೀಲದ ಹಿಡಿ ತಿರುಚುತ್ತಾ ಬೆಡ್‌ಶೀಟಿನ ಹೂವುಗಳನ್ನು ನೋಡುತ್ತಿದ್ದಳು. ಮುಚ್ಚೇ, ಕಣ್ಣು ಮುಚ್ಚೇ, ಎಂದು ಅವನು ಮನಸ್ಸಿನಲ್ಲೇ ಅಂಗಲಾಚಿದ. ಅವಳು ಮುಚ್ಚಲಿಲ್ಲ.

“ಎರಡು.”

ಹಾಡು ಮತ್ತೆ ಮೊದಲಿನಿಂದ. ಗುಂಯ್ ಇಲ್ಲ. ಏನೂ ಇಲ್ಲ. ಆ ಏನೂ ಇಲ್ಲದ್ದರೊಳಗಿಂದ ಆ ಹೆಂಗಸು ಹಾಡಲು ಬಾಯಿ ತೆರೆಯುವ ಮುನ್ನ ಉಸಿರು ಎಳೆದುಕೊಂಡದ್ದು ಕೇಳಿಸಿತು.  ಈ ಹಾಡನ್ನು ಎಷ್ಟು ಸಲ ಕೇಳಿದ್ದಾನೆ, ಆ ಉಸಿರು ಅಲ್ಲಿ ಇದ್ದದ್ದೇ ಅವನಿಗೆ ಗೊತ್ತಿರಲಿಲ್ಲ. ಹಾಡಿದವಳು ಮುದುಕಿಯಿರಬೇಕು, ಎತ್ತರದ ಸ್ವರಕ್ಕೆ ಹೋಗುವಾಗ ಗಂಟಲಿನಲ್ಲಿ ಒಂದು ಸಣ್ಣ ಗರಗರ, ಅದನ್ನು ಹೇಗೋ ದಾಟಿಕೊಂಡು ಹೋಗುವ ಹಟ. ತನ್ನ ಪೆಟ್ಟಿಗೆಯಲ್ಲಿ ಅವಳು ಯಾವಾಗಲೂ ಹುಡುಗಿ. ಅವನು ಉಸಿರು ಬಿಗಿಹಿಡಿದು ನಿಂತ, ಇದು ಹೆಂಡತಿಗೆ ಕೇಳಿಸಬಾರದು, ಕೇಳಿಸಬಾರದು ಎಂದು. ಆಗ ಹೆಂಡತಿ ಒಮ್ಮೆ ಅವನ ಕಡೆ ನೋಡಿದಳು. ನೋಡಿ, ಕೈಚೀಲದ ಮೇಲೆ ಕೈ ಮಡಚಿಟ್ಟು, ನಿಧಾನವಾಗಿ ಕಣ್ಣು ಮುಚ್ಚಿದಳು.

ಮುಚ್ಚಿದಳು. ಅವನ ಬೆತ್ತದ ಕುರ್ಚಿಯಲ್ಲಿ ಮುಚ್ಚುತ್ತಿದ್ದ ಹಾಗೆಯೇ, ಅದೇ ರೆಪ್ಪೆ, ತುಟಿಯ ಪಕ್ಕ ಅದೇ ಸಣ್ಣ ಗೆರೆ. ಪರಗಂಡಸಿನ ಭುಜಕ್ಕೆ ತಲೆ ಒರಗಿಸಿದ್ದನ್ನು ಕಂಡಿದ್ದರೂ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲವೇನೋ. ಕಾರ್ಖಾನೆಯಲ್ಲಿ ಯಾವ ಯಂತ್ರವೋ ಒತ್ತಿ ಹೊರಹಾಕಿದ ತಗಡಿನ ಡಬ್ಬಿ! ಯಾರ ಬೆರಳೂ ಮುಟ್ಟದ್ದು, ಯಾರ ನಿದ್ದೆಯನ್ನೂ ಕೆಡಿಸದ್ದು. ಅದಕ್ಕೆ ಮುಚ್ಚಿದಳು. ಹಾಡು ಮುಂದೆ ಹೋಗುತ್ತಲೇ ಇತ್ತು. ಅವನಿಗೆ ಅದನ್ನು ಕಿತ್ತೆಸೆಯಬೇಕು ಅನ್ನಿಸಿತು.

“ಸಾಕಾ ಅಕ್ಕ? ಇನ್ನೊಂದು ಸಲ ಹಾಕ್ಲಾ?”

“ಬೇಡ, ಬೇಡ. ಗೊತ್ತಾಯ್ತು.” ಅವಳು ಕಣ್ಣು ತೆರೆದು, ಪರೀಕ್ಷೆಯಲ್ಲಿ ಉತ್ತರ ಬಂದ ಹುಡುಗಿಯ ಹಾಗೆ ಮುಂದಕ್ಕೆ ಬಾಗಿದಳು. “ಎರಡನೇದು ನಮ್ಮದು. ಇಷ್ಟು ವರ್ಷ ಕೇಳಿದೀನಿ, ನಂಗೆ ಗೊತ್ತಾಗಲ್ವೇನೋ! ಎರಡನೇದೇ ಚೆನ್ನಾಗಿರೋದು. ಬರಿ ಹೋಗು ನಿನ್ನ ಗ್ರಾಫಲ್ಲಿ.” ಹೇಳಿ ಗಂಡನ ಕಡೆ ತಿರುಗಿ ನಕ್ಕಳು. ಗೆದ್ದುಕೊಟ್ಟೆ ನೋಡಿ, ಎಂಬಂಥ ನಗು.

ಬೆಡ್‌ಶೀಟಿನ ಹಿಂದೆ ಭಾಮೈದ ಹಾಡು ನಿಲ್ಲಿಸಿದ. ಹೇಳು ಮಗನೇ, ಹೇಳು, ಎಂದು ಅವನು ಕಾದ. ಅಳತೆಗೆ ಒಂದು ದಶಾಂಶ ಬಿಟ್ಟುಕೊಡದವನು, ಅಕ್ಕ ಭಾವ ಎಂದು ನೋಡದವನು, ಈಗ ಹೊರಗೆ ಬಂದು ತಪ್ಪು ಅಕ್ಕ ಎಂದು ಹೇಳಬೇಕು. ಭಾಮೈದ ಬಂದ. ಭಾವನ ಮುಖವನ್ನು ಒಂದು ಗಳಿಗೆ ನೋಡಿದ. ಆಮೇಲೆ ಕಾಲ್ಬೆರಳು ನೋಡುತ್ತಾ, “ಹೌದಕ್ಕ. ಸರಿಯಾಗಿ ಹೇಳ್ದೆ. ಎರಡನೇದು ಭಾವಂದೇ,” ಅಂದ.

ಕರುಣೆ!  ಗ್ರಾಫನ್ನಾದರೂ ಸಹಿಸಬಹುದಿತ್ತು, ಅದು ಎದುರಿಗೆ ನಿಂತು ಹೊಡೆದದ್ದು. ಇದು ಬೆನ್ನು ಸವರಿದ ಹಾಗೆ. ಜಗತ್ತಿನಲ್ಲಿ ಸುಳ್ಳು ಹೇಳದ ಒಂದು ಪ್ರಾಣಿಯಿದ್ದರೆ ಅದು ಇವನು ಎಂದು, ಬೈಯುತ್ತಲೇ, ಒಳಗೆ ಎಲ್ಲೋ ನಂಬಿಕೊಂಡಿದ್ದನಲ್ಲ. ಆ ಪ್ರಾಣಿಯ ಬಾಯಲ್ಲೂ ಸುಳ್ಳು ಹುಟ್ಟಿಸುವಷ್ಟು ತಾನು ಬಡಪಾಯಿಯ ಹಾಗೆ ನಿಂತಿದ್ದೆನೇ? “ಥೂ ನಿನ್ನ!” ಎಂದು ಎರಡು ಹೆಜ್ಜೆ ಹಾಕಿ ಬೆಡ್‌ಶೀಟು ಹಿಡಿದು ಎಳೆದ. ಕ್ಲಿಪ್ಪುಗಳು ಚಟಚಟ ಹಾರಿ ಸ್ಪೀಕರಿಗೆ ಬಡಿದವು. ಸ್ವಿಚ್ಚಿನ ಹಿಡಿ ಕಪ್ಪು ಪೆಟ್ಟಿಗೆಯ ಕಡೆ ವಾಲಿಕೊಂಡಿತ್ತು.

“ನೋಡು. ಇದು. ನೀನು ಕಣ್ಣು ಮುಚ್ಕೊಂಡು ಮೈಮರೆತಿದ್ದು ಈ ಡಬ್ಬಿಗೆ.”

“ಭಾವ, ಬಿಡಿ...”

“ನೀನು ಬಾಯ್ಮುಚ್ಚು, ಸುಳ್ಳುಬುರುಕ. ಇವಳು ಹೇಳಲಿ. ನಮ್ಮನೇಲಿ ಮುಚ್ತಿದ್ದಿದ್ದು ಏನು ಹಾಗಾದ್ರೆ? ನಾಟಕನಾ? ಇಷ್ಟು ವರ್ಷ ನಾಟಕ ಆಡಿದ್ಯಾ ನನ್ನ ಮುಂದೆ?”

ಹೆಂಡತಿಯ ನಗು ಇನ್ನೂ ಪೂರ್ತಿ ಮಾಸಿರಲಿಲ್ಲ. ಅವಳು ಸ್ವಿಚ್ಚನ್ನು ನೋಡಿದಳು, ತಮ್ಮನನ್ನು ನೋಡಿದಳು. ಮೊದಲು ತಪ್ಪು ಮಾಡಿದವಳ ಹಾಗೆ ಸೆರಗು ಸರಿಮಾಡಿಕೊಂಡಳು. ಆಮೇಲೆ ‘ನಾಟಕ’ ಎಂಬ ಮಾತು ಅವಳನ್ನು ತಡವಾಗಿ ತಲುಪಿದ ಹಾಗೆ ಮುಖಕ್ಕೆ ರಕ್ತ ಏರಿತು.

“ನಾಟಕವಾ? ಯಾರು ಆಡಿಸಿದ್ದು ನಾಟಕ? ಕುರ್ಚೀಲಿ ಕೂರಿಸಿ, ಹಾಡು ಹಾಕಿ, ನೀವೇನು ಹಾಡು ಕೇಳ್ತಿದ್ರಾ? ನನ್ನ ಮುಖ ನೋಡ್ತಾ ನಿಂತಿರ್ತಿದ್ರಿ. ರೆಪ್ಪೆ ಅಲುಗಾಡಿದ್ರೆ ಅದಕ್ಕೊಂದು ಅರ್ಥ, ತುಟಿ ಅಲುಗಾಡಿದ್ರೆ ಅದಕ್ಕೊಂದು. ಇವನ ಮೇಜಿನ ಮೇಲಿರೋ ಮೀಟರಿನ ಮುಳ್ಳಿನ ಹಾಗೆ ನಾನು. ಕಣ್ಣು ಮುಚ್ಕೊಂಡ್ರೆ ನೀವು ನೋಡೋದು ಕಾಣಲ್ವಲ್ಲ, ಅದಕ್ಕೆ ಮುಚ್ತಿದ್ದೆ. ಮುಚ್ಚಿದ ಕೂಡಲೇ, ಕೂತಿತು, ಕೂತಿತು ಅಂತ ಹಾಡು ನಿಲ್ಲಿಸಿಬಿಡ್ತಿದ್ರಿ. ನನಗೂ ಒಲೆ ಮೇಲಿಟ್ಟಿದ್ದು ನೆನಪಾಗೋದು, ಎದ್ದು ಹೋಗ್ತಿದ್ದೆ.”

“ಇವತ್ತು?” ಅಂದ ಅವನು.  “ಇವತ್ತು ಎರಡನೇದೇ ಚೆನ್ನಾಗಿದೆ ಅಂತ ಹೇಗೆ ಹೇಳ್ದೆ? ಅದೇ ನಮ್ಮದು ಅಂತ ಹೇಗೆ ಅಂದ್ಕೊಂಡೆ?”

“ಎರಡನೇದು ಹಾಕಿದಾಗ ನೀವು ಉಸಿರು ಬಿಗಿಹಿಡಿದ್ರಿ. ನೋಡ್ದೆ. ಇದೇ ಇರಬೇಕು ಇವರದು, ಅದಕ್ಕೆ ಹೆದರ್ತಿದಾರೆ ಅಂದ್ಕೊಂಡೆ. ನಿಮಗೆ ಅವಮಾನ ಆಗಬಾರ್ದು ಅಂತ ಅದನ್ನೇ ಹೇಳ್ದೆ.”

ಕೋಣೆಯ ಸ್ಪಂಜು ಆ ಮಾತನ್ನೂ ಕುಡಿದುಬಿಟ್ಟಿತು. ಭಾಮೈದ ಬಗ್ಗಿ ಕ್ಲಿಪ್ಪುಗಳನ್ನು ಆರಿಸುತ್ತಿದ್ದ, ಆ ಹೊತ್ತಿನಲ್ಲಿ ಜಗತ್ತಿನಲ್ಲಿ ಮಾಡಬೇಕಾದ ಕೆಲಸ ಅದೊಂದೇ ಎಂಬಂತೆ. ಭಾವನಿಗೆ ಕೂಗಬೇಕಿತ್ತು; ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಇವಳ ಮುಖ ಓದಿಕೊಂಡು ಅವನು ಪೆಟ್ಟಿಗೆ ಕಟ್ಟಿದ, ಅವನ ಮುಖ ಓದಿಕೊಂಡು ಇವಳು ಮುಖ ಮಾಡಿದಳು. ನಡುವೆ ಹಾಡಿದ ಮುದುಕಿಯನ್ನು ಇಬ್ಬರೂ ಕೇಳಿರಲಿಲ್ಲ. ಆದರೂ ಅವನ ನಾಲಗೆ ಸುಮ್ಮನಿರಬೇಕಲ್ಲ.

“ಆಯ್ತು. ಅದೆಲ್ಲ ಬಿಡು. ಈಗ ನಿಜ ಹೇಳು, ಎರಡರಲ್ಲಿ ಯಾವುದು ಚೆನ್ನಾಗಿತ್ತು?”

“ಗೊತ್ತಿಲ್ಲ ರೀ. ನಾನು ಕೇಳಲೇ ಇಲ್ಲ. ನಿಮ್ಮನ್ನ ಕಟ್ಕೊಂಡ ಮೇಲೆ ಒಂದು ಹಾಡೂ ನಾನು ಪೂರ್ತಿ ಕೇಳಿಲ್ಲ.” ಅವಳು ಎದ್ದು ಮೇಜಿನ ಹತ್ತಿರ ಹೋಗಿ ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತಳು. ಅವನು ಒಂದು ಹೆಜ್ಜೆ ಮುಂದೆ ಇಟ್ಟದ್ದನ್ನು ನೋಡಿ ಇನ್ನೊಂದು ಕೈಯೆತ್ತಿದಳು. “ಬರಬೇಡಿ. ಲೋ, ಈ ಹಾಡನ್ನ ಮೊದಲಿಂದ ಹಾಕಿಕೊಡು. ಹಾಕಿ ಆಚೆ ಹೋಗು. ಇವರನ್ನೂ ಕರ್ಕೊಂಡು ಹೋಗು.”

“ಅಕ್ಕ, ಯಾವುದರಲ್ಲಿ...”

“ಅದನ್ನ ನಾನು ನೋಡ್ಕೋತೀನಿ. ಹೋಗ್ರೋ ಇಬ್ರೂ!”

ಅಷ್ಟು ಜೋರಾಗಿ ಅವಳು ಮಾತಾಡಿದ್ದನ್ನು ಅವನು ಕೇಳಿರಲಿಲ್ಲ. ಭಾಮೈದ ಹಾಡು ಹಾಕಿ ಅವನ ಮೊಣಕೈ ಹಿಡಿದ. ಇಬ್ಬರೂ ಹೊರಗಾದರು, ಅವಳೇ ಒಳಗಿನಿಂದ ಬಾಗಿಲು ಎಳೆದುಕೊಂಡಳು. ರಬ್ಬರಿನ ಅಂಚು ಉಸ್ಸೆಂದು ಚೌಕಟ್ಟಿಗೆ ಕೂತಿತು.

ಓಣಿಯಂಥ ಜಾಗ, ಒಂದು ಕಡೆ ಚಪ್ಪಲಿಗಳ ಗೂಡು, ಇನ್ನೊಂದು ಕಡೆ ತೊಳೆಯುವ ಬಟ್ಟೆಯ ಬುಟ್ಟಿ. ಭಾಮೈದ ಗೋಡೆಗೆ ಒರಗಿ ಕೈಯಲ್ಲಿದ್ದ ಕ್ಲಿಪ್ಪುಗಳನ್ನು ಜೇಬಿಗೆ ತುಂಬಿಕೊಂಡ. ತಪ್ಪಾಯ್ತು ಭಾವ, ಸುಳ್ಳು ಹೇಳಬಾರದಿತ್ತು, ಅಂದ. ಅವನು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಬಾಗಿಲಿಗೆ ಕಿವಿ ಒತ್ತಿದ. ತಣ್ಣನೆಯ ಮರ, ಅಷ್ಟೆ. ದರಿದ್ರದ್ದು, ಎಷ್ಟು ಚೆನ್ನಾಗಿ ಮಾಡಿಸಿದ್ದಾನೆ! ಒಳಗೆ ಅವಳು ಕೂತಿದ್ದಾಳೋ ನಿಂತಿದ್ದಾಳೋ, ಕಣ್ಣು ತೆರೆದಿದೆಯೋ ಮುಚ್ಚಿದೆಯೋ, ಮುಖದಲ್ಲಿ ಏನಿದೆ? ಬಾಗಿಲು ದೂಡಿ ಒಂದೇ ಒಂದು ಕ್ಷಣ ಇಣುಕಿದರೆ ಸಾಕಿತ್ತು, ಎಲ್ಲ ಗೊತ್ತಾಗಿಬಿಡುತ್ತಿತ್ತು. ಅವನ ಕೈ ಬಾಗಿಲ ಹಿಡಿಯ ಮೇಲೆ ಬಿದ್ದೇ ಬಿಟ್ಟಿತ್ತು. “ಬೇಡ ಭಾವ, ಮುಗಿಸಲಿ ಪಾಪ,” ಎಂದು ಭಾಮೈದ ಆ ಕೈ ಹಿಡಿದ. ಅವನು ಕೈ ಕೊಡವಿದ. ಪಾಪವಂತೆ! ಇವನು ಯಾರು ಹೇಳುವುದಕ್ಕೆ, ನನ್ನ ಹೆಂಡತಿ, ನನ್ನ ಪೆಟ್ಟಿಗೆ, ಎಂದು ಮತ್ತೆ ಸಿಟ್ಟು ಉಕ್ಕಿತು. ಉಕ್ಕಿದ್ದು ಎಲ್ಲಿಗೂ ಹೋಗಲಾರದೆ ಅವನೊಳಗೇ ತಿರುಗಿ ಬಂತು. ಇಷ್ಟೆಲ್ಲ ಆದ ಮೇಲೂ ತನಗೆ ಬೇಕಾಗಿರುವುದು ಅವಳ ಮುಖ ನೋಡುವುದೊಂದೇ ಎಂದು ತಿಳಿದು ತನ್ನ ಮೇಲೇ ಹೇಸಿಗೆಯಾಯಿತು. ಬಾಯಿ ಬಿಗಿಹಿಡಿದು ಬಾಗಿಲಿಗೆ ಬೆನ್ನು ಮಾಡಿದ. ಒಳಗಿನ ಹಾಡು ಮುಗಿಯಿತೋ, ಅವಳು ಅದನ್ನೇ ಮತ್ತೆ ಹಾಕಿಕೊಂಡಳೋ, ಹೊರಗಿನವರಿಗೆ ತಿಳಿಯುವಂತಿರಲಿಲ್ಲ.

“ಸ್ವಿಚ್ಚಿನ ಮೇಲೆ ಕೈ ಇಟ್ಟಿದ್ಲಲ್ಲ,” ಎಂದು ಕೊನೆಗೆ ಕೇಳಿಯೇ ಬಿಟ್ಟ, “ಯಾವ ಕಡೆ ತಿರುಗಿಸಿದ್ಲು, ನೋಡಿದ್ಯಾ?”